ಇಳಿದು ಬಂದ ಮಾಡು

ಪುಣೆಯ ಫ್ಲ್ಯಾಟಿನಲ್ಲಿ ಕುಳಿತು ಅವಳು ತೀರ್ಥಹಳ್ಳಿ ಕಡೆಯ ತವರುಮನೆಯ ನಕ್ಷೆಗೆ ಮೂರನೇ ರಾತ್ರಿಯೂ ಮಾಡು ಹೊದಿಸುತ್ತಿದ್ದಳು. ಹಳೆಯದು ಕಳೆದ ಮಳೆಗಾಲ ಕುಸಿದಿತ್ತು. ‘ಆರ್‌ಸಿಸಿ ಹಾಕಿಸಿಬಿಡೋಣ, ರಗಳೆ ಬೇಡ’ ಎನ್ನುವುದು ತಮ್ಮನ ಮಾತು. ಭಾನುವಾರದೊಳಗೆ ನಕ್ಷೆ ಕೂಡದಿದ್ದರೆ ಅವನ ಮಾತೇ ಸರಿ ಎಂದು ಅವಳೂ ಒಪ್ಪಿದ್ದಳು.

ಒಳಮನೆಯ ಗೋಡೆ 10 ಅಡಿ. 6 ಅಡಿ ಅಗಲದ ಜಗುಲಿಯ ಹೊರಗೋಡೆಗೆ ಅವಳು ಕೊಟ್ಟಿದ್ದು 8. ಸಾಫ್ಟ್‌ವೇರ್ ಒಂದೊಂದು ಗೋಡೆಯ ತಲೆಯಿಂದಲೂ 30 ಡಿಗ್ರಿಯಲ್ಲಿ ಮಾಡು ಎಬ್ಬಿಸುತ್ತಿತ್ತು. ಹಾಗಾಗಿ ಜಗುಲಿಯ ಮಾಡು ಒಳಮನೆಯದಕ್ಕಿಂತ ಒಂದೂವರೆ ಅಡಿ ಮೇಲೆದ್ದು, ನಡುವೆ ಸಂದು ಬಿಟ್ಟಿತು. ಇಳಿಜಾರನ್ನು 18 ಡಿಗ್ರಿಗೆ ತಗ್ಗಿಸಿದರೆ ಕೂಡುತ್ತಿತ್ತು. ಆದರೆ ಅಷ್ಟು ಚಪ್ಪಟೆಯಾದರೆ ಆಷಾಢದ ಗಾಳಿಮಳೆಗೆ ಮಂಗಳೂರು ಹೆಂಚಿನ ಸಂದಿಯಲ್ಲಿ ನೀರು ಒಳನುಗ್ಗುತ್ತದೆ.

ಅಪ್ಪಯ್ಯ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. ‘ನೀ ಗೋಡೆ ಕಟ್ಟಿ ಆಮೇಲೆ ಮಾಡು ಹುಡುಕ್ತಿದೀಯ ಕಣೇ. ಆಚಾರಿ ಮೇಲಿಂದ ಪಕಾಸಿ ಇಳಿಸ್ತಿದ್ದ. ಅದು ಎಲ್ಲಿಗೆ ಬರುತ್ತೋ ಅಲ್ಲಿಗೆ ಕಂಬ.’

6 ಅಡಿಗೆ ಮೂರೂವರೆ ಅಡಿ ಇಳಿತ. ಅವಳು 8 ಅಳಿಸಿ 6.5 ಎಂದು ಬರೆದಳು. ಮಾಡು ಎಲ್ಲೂ ತುಂಡಾಗದೆ ಜಗುಲಿಯ ಮೇಲೆ ಇಳಿಯಿತು. ಅಪ್ಪಯ್ಯ ಕೂತು ಮಳೆ ನೋಡುತ್ತಿದ್ದ ಆ ತಗ್ಗು ಸೂರು ತೆರೆಯ ಮೇಲೆ ಮೂಡಿತು.

ಚಿತ್ರವನ್ನು ತಮ್ಮನಿಗೆ ಕಳಿಸಿದಳು. ಬೆಳಿಗ್ಗೆ ಉತ್ತರ ಬಂದಿತ್ತು: ‘ಹೆಂಚು ಎಷ್ಟು ಬೇಕಾಗಬಹುದು?’