ಸಭಾಕಂಪ

ಸಭೆಯಲ್ಲಿ ಎದ್ದು ನಿಂತೊಡನೆ ಬಾಯಾರುವುದು, ಮೊಣಕಾಲು ನಡುಗುವುದು, ಬಾಯಿಪಾಠವಾಗಿದ್ದ ಮಾತು ನೆನಪಿನಿಂದ ಜಾರಿಹೋಗುವುದು, ಇವನ್ನು ಹಿರಿಯರು ಸಭಾಕಂಪವೆಂದು ಕರೆದರು. ಇದು ಅರೆಬರೆ ಓದಿದವರ ಬಾಧೆಯೆಂದು ಭಾವಿಸುವವರು ಮಹಾತ್ಮ ಗಾಂಧೀಜಿಯವರ ಆತ್ಮಕಥೆಯ ಮೊದಲ ಭಾಗಗಳನ್ನು ಅವಶ್ಯವಾಗಿ ಓದಬೇಕು.

1888ರಿಂದ 1891ರವರೆಗೆ ಲಂಡನ್ನಿನಲ್ಲಿ ಕಾನೂನು ವ್ಯಾಸಂಗ ಮಾಡಿದ ಅವರು ಅಲ್ಲಿಯ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರೂ ಅವರಿಗೆ ನಾಲಗೆ ಏಳುತ್ತಿರಲಿಲ್ಲ. ಡಾ. ಆಲಿನ್ಸನ್ ಎಂಬ ಸದಸ್ಯರು ಕೃತಕ ಸಂತಾನ ನಿಯಂತ್ರಣವನ್ನು ಪ್ರತಿಪಾದಿಸಿದರೆಂದು ಅವರನ್ನು ಸಂಘದಿಂದ ಹೊರಗಿಡುವ ಪ್ರಸ್ತಾಪ ಬಂದಿತು. ಗಾಂಧೀಜಿಯವರಿಗೆ ಆಲಿನ್ಸನ್ನರ ಅಭಿಪ್ರಾಯ ಒಪ್ಪಿಗೆಯಿರಲಿಲ್ಲ. ಆದರೆ ಸಸ್ಯಾಹಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಈ ಕಾರಣಕ್ಕಾಗಿ ಒಬ್ಬರನ್ನು ಹೊರಹಾಕುವುದು ಸಲ್ಲದೆಂದು ದೃಢವಾಗಿ ತೋರಿತ್ತು. ತಮ್ಮ ವಾದವನ್ನು ಬರೆದು ಒಯ್ದರು; ಓದಲಾಗಲಿಲ್ಲ. ಬೇರೊಬ್ಬರು ಓದಿದರು. ಆಲಿನ್ಸನ್ ಪಕ್ಷ ಸೋತಿತು. ನ್ಯಾಯದ ಅರಿವೊಂದೇ ಅಂಜಿಕೆಯನ್ನು ಕಳೆಯಲಾರದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ?

ತಾಯ್ನಾಡಿಗೆ ಮರಳಿದ ಮೇಲೂ ಅದೇ ಅವಸ್ಥೆ. ಮುಂಬಯಿಯ ಲಘು ವ್ಯಾಜ್ಯಗಳ ನ್ಯಾಯಾಲಯದಲ್ಲಿ 30 ರೂಪಾಯಿ ಶುಲ್ಕದ ಮೊದಲ ದಾವೆ. ಪಾಟೀಸವಾಲು ಮಾಡಲು ಎದ್ದರು, ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯದೆ ಕುಳಿತರು. ದಾವೆಯನ್ನು ಬೇರೆ ವಕೀಲರಿಗೆ ಬಿಟ್ಟುಕೊಟ್ಟರು.

ಕಟ್ಟು ಸಡಿಲಿದ್ದು 1893ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ. ರೈಲಿನಿಂದ ಹೊರದಬ್ಬಿಸಿಕೊಂಡ ನೋವು ಆಗಿನ್ನೂ ಹಸಿಯಾಗಿತ್ತು. ಅಲ್ಲಿಯ ಭಾರತೀಯರನ್ನು ಸೇರಿಸಿ, ಬಹುಮಟ್ಟಿಗೆ ಮೇಮನ್ ವರ್ತಕರೇ ಇದ್ದ ಆ ಸಭೆಯಲ್ಲಿ, ವ್ಯಾಪಾರದಲ್ಲಿ ಸತ್ಯ ನಡೆಯದೆಂಬ ಅವರ ನಂಬಿಕೆಯನ್ನೇ ಅವರೆದುರು ಅಲ್ಲಗಳೆದರು. ಕೇಳುವವರನ್ನು ಮೆಚ್ಚಿಸುವ ಮಾತಂತೂ ಅದಲ್ಲ! ಆದರೂ ಕಾಲು ನಡುಗಲಿಲ್ಲ. ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಅದೆಂದು ಅವರೇ ಬರೆದಿದ್ದಾರೆ.

ಲಂಡನ್ನಿನಲ್ಲಿ ಇಲ್ಲದಿದ್ದುದು ಇಲ್ಲಿ ಏನಿತ್ತು? ಅಲ್ಲಿ ಅವರು ಪರೀಕ್ಷೆಗೆ ನಿಂತ ವಿದ್ಯಾರ್ಥಿಯಂತೆ ನಿಂತಿದ್ದರು. ಎಲ್ಲರ ಕಣ್ಣೂ ತನ್ನ ಮೇಲೆಂಬ ಭಾವವೇ ಗಂಟಲನ್ನು ಕಟ್ಟಿರಬೇಕು. ಇಲ್ಲಿ ಕುಳಿತವರ ಕಷ್ಟ ತನ್ನದೂ ಆಗಿತ್ತು. ಮಾತಿನ ಬೆನ್ನಿಗೆ ದುಡಿಮೆಯೂ ಬಂದಿತು. ಇಂಗ್ಲಿಷ್ ಕಲಿಯಬಯಸಿದ ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಕಾರ, ಈ ಮೂವರಿಗೆ ಅವರಿದ್ದಲ್ಲಿಗೇ ಹೋಗಿ ಪಾಠ ಹೇಳಿದರು. ಮಾತು ತನ್ನ ಹಿರಿಮೆಗಾಗಿ ಅಲ್ಲವೆಂದಾದಾಗ ಅಂಜಿಕೆಗೆ ನೆಲೆಯೆಲ್ಲಿ?

ಆ ಸಂಕೋಚ ಪೂರ್ತಿಯಾಗಿ ಅಳಿಯಲಿಲ್ಲವೆಂಬುದೂ ಸತ್ಯ. ಅದಕ್ಕಾಗಿ ಅವರು ವಿಷಾದಿಸಲಿಲ್ಲ. ಅಳೆದು ತೂಗಿ ಆಡುವುದನ್ನು ಅದೇ ಕಲಿಸಿತೆಂದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದಾಗ ಅವರ ಒಂದೊಂದು ಮಾತಿಗೂ ನಾಡೆಲ್ಲ ಕಿವಿಗೊಟ್ಟಿತ್ತು. ಸೋಮವಾರ ಮಾತ್ರ ಅವರಿಗೆ ಮೌನದ ದಿನ. ಅಂದು ಬಂದವರಿಗೆ ಚೀಟಿಯಲ್ಲಿ ಬರೆದು ಉತ್ತರಿಸುತ್ತಿದ್ದರು.