ಹಲ್ಲೆಪ್ಪನಿಗೆ ಎಂಥಾ ನೆಲ?

ನಮ್ಮ ಕಡೆ ಹಲ್ಲಿಯನ್ನು ಯಾರೂ ಸಾಕುವುದಿಲ್ಲ. ಟ್ಯೂಬ್‌ಲೈಟಿನ ಹಿಂದೆ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ, ಹುಳಹುಪ್ಪಡಿ ತಿಂದುಕೊಂಡು ಇರುತ್ತವೆ. ಮಾತಿನ ನಡುವೆ ಲೊಚಗುಟ್ಟಿದರೆ ಅವ್ವ ಬೆರಳ ಗೆಣ್ಣಿನಿಂದ ನೆಲ ಬಡಿದು ‘ಕೃಷ್ಣ ಕೃಷ್ಣ’ ಅನ್ನುತ್ತಾಳೆ. ಮೈಮೇಲೆ ಬಿದ್ದರೆ ಅಪ್ಪ ಪಂಚಾಂಗ ತೆಗೆಯುತ್ತಾನೆ. ಅಷ್ಟೇ ಸಂಬಂಧ. ಹಾಗಾಗಿ ಅಮೆರಿಕದ ಡಲ್ಲಾಸ್ ಹತ್ತಿರ ಇರುವ ಅಕ್ಕ ವಿಡಿಯೊ ಕರೆ ಮಾಡಿ, ‘ಹುಡುಗ ಒಂದು ಹಲ್ಲಿ ಸಾಕ್ಯಾನ, ಅದರ ಗಾಜಿನ ಪೆಟ್ಟಿಗಿಗೆ ಎಂಥಾ ನೆಲ ಹಾಕಬೇಕು ಹೇಳ್ರಿ’ ಎಂದಾಗ ಇಂಡಿಯ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕೆವು. ಅವ್ವ ಅಲ್ಲೇ ಅದಕ್ಕೆ ಹಲ್ಲೆಪ್ಪ ಎಂದು ಹೆಸರಿಟ್ಟಳು.

ನಗು ನಿಂತದ್ದು ಅಕ್ಕ ಉಳಿದದ್ದನ್ನು ಹೇಳಿದಾಗ. ಸ್ನೇಹಿತನೊಬ್ಬ ಊರು ಬಿಡುವಾಗ ಪೆಟ್ಟಿಗೆ ಸಮೇತ ಕೊಟ್ಟುಹೋಗಿದ್ದ ಹಲ್ಲಿ ಅದು. ಪೆಟ್ಟಿಗೆಯ ತುಂಬ ಕೆಂಪು ಬಣ್ಣದ ಸಣ್ಣ ಮರಳು, ನೋಡಲು ಥೇಟ್ ಮರುಭೂಮಿ. ಹಲ್ಲಿ ಮೇವು ಬಿಟ್ಟಿತ್ತು, ಹಿಕ್ಕೆ ಹಾಕಿ ಎಷ್ಟೋ ದಿನವಾಗಿತ್ತು. ಪಶುವೈದ್ಯರು ಎಕ್ಸ್‌ರೇ ತೆಗೆದರೆ ಹೊಟ್ಟೆಯಲ್ಲಿ ಬೆಳ್ಳಗೆ ಮರಳಿನ ಗೆರೆ. ಔಷಧ ಕೊಟ್ಟು, ಬೆಚ್ಚಗಿನ ನೀರಿನಲ್ಲಿ ಕೂರಿಸಿ, ವಾರದ ಮೇಲೆ ಅದು ಹಾದಿಗೆ ಬಂತು. ‘ಇನ್ನೊಮ್ಮೆ ಹಿಂಗಾದರ ಉಳಿಯೂದಿಲ್ಲ ಅಂದಾರ’ ಎಂದಳು ಅಕ್ಕ. ಹತ್ತು ವರ್ಷದ ಹುಡುಗ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ.

ಅದು ಲೆಪರ್ಡ್ ಗೆಕ್ಕೊ. ಹಳದಿ ಮೈಮೇಲೆ ಕಪ್ಪು ಚುಕ್ಕೆ, ದಪ್ಪ ಬಾಲ. ಅದರ ಮೂಲ ನೆಲೆ ಅಫ್ಘಾನಿಸ್ತಾನ, ಪಾಕಿಸ್ತಾನದ ಒಣ ಸೀಮೆ. ನಮ್ಮ ಗೋಡೆಯ ಹಲ್ಲಿಗೂ ಅದಕ್ಕೂ ಎರಡು ದೊಡ್ಡ ವ್ಯತ್ಯಾಸ. ಒಂದು, ಅದಕ್ಕೆ ರೆಪ್ಪೆ ಇದೆ, ಕಣ್ಣು ಮುಚ್ಚುತ್ತದೆ. ಇನ್ನೊಂದು, ಬೆರಳಿನಲ್ಲಿ ಅಂಟುವ ಗದ್ದುಗೆ ಇಲ್ಲ, ಗಾಜು ಏರಲಾರದು. ಹುಟ್ಟಿದಂದಿನಿಂದ ಸಾಯುವ ತನಕ ನೆಲದ ಮೇಲೆಯೇ ಬದುಕು, ಅದಕ್ಕೇ ನೆಲದ ಮಾತು ಇಷ್ಟು ದೊಡ್ಡದು. ನಮ್ಮ ದೇಶದಲ್ಲೂ ಇದರ ಸೋದರ ಜಾತಿಗಳಿವೆ. ಇದನ್ನು ಓದಿ ಯಾರೂ ಗುಡ್ಡಕ್ಕೆ ಹೋಗಿ ಹಿಡಿದು ತರಬೇಡಿ. ವನ್ಯಜೀವಿ ಕಾಯ್ದೆ ಇರುವುದು ಹುಲಿಗೆ ಮಾತ್ರ ಅಲ್ಲ.

ಒಣ ಸೀಮೆ ಎಂದರೆ ಮರಳು ಎಂದು ಅಂಗಡಿಯವರು ತಿಳಿದಂತಿದೆ. ಒಣ ಸೀಮೆಯವರಾದ ನಮಗೆ ಗೊತ್ತು, ಹಾಗಲ್ಲ. ಭೀಮಾ ನದಿಯ ಪಾತ್ರ ಬಿಟ್ಟರೆ ನಮ್ಮ ತಾಲೂಕಿನಲ್ಲಿ ಮರಳೆಲ್ಲಿದೆ? ಇದ್ದ ಮರಳನ್ನೂ ಟ್ರ್ಯಾಕ್ಟರ್‌ಗಳು ಹೊತ್ತೊಯ್ಯುತ್ತಿವೆ, ಆ ಕತೆ ಬೇರೆ. ಉಳಿದದ್ದು ಎರೆ, ಗರಸು, ಕಲ್ಲು. ಹಲ್ಲೆಪ್ಪನ ತವರೂ ಹಾಗೆಯೇ, ಗಟ್ಟಿ ಮಣ್ಣು, ಬಂಡೆಯ ಸಂದು, ಜಲ್ಲಿ. ಸಡಿಲ ಮರಳಿನಲ್ಲಿ ಅದು ಹುಳಕ್ಕೆ ಹಾರಿದಾಗಲೆಲ್ಲ ಬಾಯಿಗೆ ಒಂದು ಚಿಟಿಕೆ ಮರಳೂ ಬರುತ್ತದೆ. ಮೇಲಾಗಿ ಅದು ನಾಲಿಗೆಯಿಂದ ನೆಲ ನೆಕ್ಕಿ ಜಾಗ ಗುರುತಿಸುವ ಪ್ರಾಣಿ. ‘ಕ್ಯಾಲ್ಸಿಯಂ ಮರಳು, ತಿಂದರೂ ಜೀರ್ಣವಾಗುತ್ತದೆ’ ಎಂದು ಮಾರುವುದಂತೂ ಇನ್ನೂ ಕೆಟ್ಟದ್ದು. ಸುಣ್ಣದ ಕೊರತೆ ಇರುವ ಹಲ್ಲಿ ಬೇಕೆಂದೇ ಅದನ್ನು ತಿನ್ನುತ್ತದೆ, ಒಳಗೆ ಅದು ಗಂಟು ಕಟ್ಟುತ್ತದೆ. ಪೂರ್ತಿ ತಪ್ಪು ಮರಳಿನದೇ ಎಂದೂ ಹೇಳಲಾಗದು. ಹೊಟ್ಟೆಯ ಕೆಳಗೆ ಸಾಕಷ್ಟು ಕಾವು ಇಲ್ಲದಿದ್ದರೆ ತಿಂದದ್ದು ಕರಗುವುದಿಲ್ಲ. ಆ ಪೆಟ್ಟಿಗೆಯಲ್ಲಿ ಕಾವೂ ಕಡಿಮೆ ಇತ್ತಂತೆ.

ಬೇರೆ ದಾರಿಗಳನ್ನು ಒಂದೊಂದಾಗಿ ತೆಗೆದುಹಾಕಿದೆವು. ದೇವದಾರು, ಪೈನ್ ಹೊಟ್ಟಿನ ವಾಸನೆಯ ಎಣ್ಣೆ ಹಲ್ಲಿಗೆ ಆಗದು. ಅಕ್ರೋಟಿನ ಚಿಪ್ಪಿನ ಪುಡಿಗೆ ಅಂಚು ಹರಿತ. ಅಂಗಡಿಯ ಹಸಿರು ಚಾಪೆಯ ಎಳೆಗೆ ಉಗುರು ಸಿಕ್ಕಿಕೊಂಡರೆ ಬೆರಳೇ ಹೋದೀತು. ಅಡುಗೆಮನೆಯ ಕಾಗದ ಚೆನ್ನ, ಅಗ್ಗ, ಹಿಕ್ಕೆಯ ಬಣ್ಣ ಕಂಡು ರೋಗ ಬೇಗ ತಿಳಿಯುತ್ತದೆ. ಹೊಸದಾಗಿ ತಂದ, ಕಾಯಿಲೆಯಿಂದ ಎದ್ದ ಹಲ್ಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹುಡುಗ ಮೋರೆ ಸಣ್ಣಗೆ ಮಾಡಿದ. ‘ಆಸ್ಪತ್ರಿ ಕಂಡಂಗ ಕಾಣತದ.’

ಅಪ್ಪನ ಮನಸ್ಸು ಮಣ್ಣಿನ ನೆಲದ ಮೇಲೆ. ಮಣ್ಣಿಗೆ ಮರಳು ಬೆರೆಸಿ, ನೀರು ಚಿಮುಕಿಸಿ, ಬಡಿದು ಬಡಿದು ಒಣಗಿಸುವ ನೆಲ. ವಿಚಾರಿಸಿದರೆ ಅಲ್ಲಿ ಹಲ್ಲಿ ಸಾಕುವವರು ಈಗ ಅದನ್ನೇ ಮಾಡುತ್ತಾರೆ, 100ಕ್ಕೆ 70 ಪಾಲು ಮೇಲ್ಮಣ್ಣು, 30 ಪಾಲು ಮರಳು. ನಮ್ಮ ಹಳೆಯ ಮನೆಗಳ ನೆಲ ಬಡಿದ ಕೈಗಳಿಗೆ ಇದು ಹೊಸ ವಿದ್ಯೆ ಅಲ್ಲ. ತೊಡಕು ಬಂದದ್ದು ಬೇರೆ ಕಡೆ. ಡಲ್ಲಾಸ್ ಸುತ್ತಲಿನ ನೆಲ ನಮ್ಮದರಂತೆಯೇ ಕಪ್ಪು ಎರೆ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಅಲ್ಲಿಯೂ ಮನೆಗಳ ಬುನಾದಿ ಸೀಳುತ್ತದೆ ಎಂದು ಅಕ್ಕ ಹೇಳಿದಾಗ ಅಪ್ಪನಿಗೆ ಒಳಗೊಳಗೇ ಖುಷಿಯಾದದ್ದು ನಮಗೆ ಕಂಡಿತು. ಹಿತ್ತಲ ಎರೆ ತಂದು ಬಡಿದರೆ ತಿಂಗಳೊಳಗೆ ಬಿರುಕು, ಬಿರುಕಿನೊಳಗೆ ಹುಳ. ಹುಲ್ಲಿಗೆ ಹೊಡೆದ ಔಷಧ ಮಣ್ಣಿನಲ್ಲಿ ಉಳಿದಿದ್ದರೆ ಅದು ಬೇರೆ ಅಪಾಯ. ಈಗಷ್ಟೇ ಹೊಟ್ಟೆ ಸರಿಹೋದ ಹಲ್ಲಿಗೆ ಈ ಪ್ರಯೋಗ ಬೇಡ ಎಂದು ಬಿಟ್ಟೆವು.

ಉಳಿದದ್ದು ಕಲ್ಲು. ನಮ್ಮ ಮನೆಯ ನೆಲ ಶಹಾಬಾದ ಫರಸಿ. ಪದರು ಪದರಾಗಿ ಏಳುವ ಸುಣ್ಣದ ಕಲ್ಲು ಅದು, ಮೇಲ್ಮೈ ತುಸು ತರಿತರಿ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ನಾವು ಹಾಸಿಗೆ ಬಿಟ್ಟು ಅದರ ಮೇಲೆ ಮಲಗುತ್ತೇವೆ. ಹಲ್ಲೆಪ್ಪನಿಗೆ ಬೇಕಾದದ್ದು ಉಲ್ಟಾ. ಪೆಟ್ಟಿಗೆಯ ಒಂದು ತುದಿಯಲ್ಲಿ ಕೆಳಗಿನಿಂದ ಕಾವು ಕೊಟ್ಟರೆ ಕಲ್ಲು ಅದನ್ನು ಹಿಡಿದಿಟ್ಟು ಮೆಲ್ಲಗೆ ಹೊಟ್ಟೆಗೆ ದಾಟಿಸುತ್ತದೆ. ಆ ತುದಿ 32 ಡಿಗ್ರಿ ಆಸುಪಾಸು, ಇನ್ನೊಂದು ತುದಿ 25ರ ಹತ್ತಿರ ಇದ್ದರೆ ಸಾಕು. ಥರ್ಮೋಸ್ಟಾಟ್ ಇಲ್ಲದೆ ಮಾತ್ರ ಕಾವು ಹಾಕಬಾರದು, ಕಲ್ಲು ಸುಟ್ಟರೆ ಹೊಟ್ಟೆಯೂ ಸುಡುತ್ತದೆ.

‘ಇಲ್ಲಿಂದ ಒಂದು ಫರಸಿ ಕಳಸೂಣು’ ಎಂದ ತಮ್ಮ. ಲೆಕ್ಕ ಹಾಕಿದೆವು. ಪೆಟ್ಟಿಗೆ 90 ಸೆಂಟಿಮೀಟರ್ ಉದ್ದ, 45 ಅಗಲ, ಕಲ್ಲು ಒಂದೂಕಾಲು ಸೆಂಟಿಮೀಟರ್ ದಪ್ಪವೆಂದರೂ 13 ಕಿಲೊ. ವಿಮಾನದಲ್ಲಿ ಉಪ್ಪಿನಕಾಯಿಗೇ ಜಾಗ ಸಾಲುವುದಿಲ್ಲ. ಇನ್ನೊಂದು ಅಡ್ಡಿಯನ್ನು ಅವ್ವ ಎತ್ತಿದಳು. ನಿಂಬೆಯ ಊರು ನಮ್ಮದು, ಹುಳಿ ಬಿದ್ದಲ್ಲಿ ಫರಸಿ ಬೆಳ್ಳಗಾಗುವುದು ಇಲ್ಲಿ ಪ್ರತಿ ಅಡುಗೆಮನೆಯಲ್ಲೂ ಕಾಣುತ್ತದೆ. ಹಲ್ಲಿಯ ಬಿಳಿ ಹಿಕ್ಕೆ ಒಣಗಿ ಅಂಟಿದರೆ ಅಲ್ಲಿಯವರು ವಿನೆಗರ್ ಹಾಕಿ ಒರೆಸುತ್ತಾರೆ. ಸುಣ್ಣದ ಕಲ್ಲು ಅದಕ್ಕೆ ತಡೆಯದು, ಸ್ಲೇಟ್ ಕಲ್ಲು ತಡೆಯುತ್ತದೆ.

ಹಾಗಾಗಿ ಅಕ್ಕ ಅಲ್ಲಿಯ ಟೈಲ್ಸ್ ಅಂಗಡಿಯಿಂದಲೇ ಬೂದು ಸ್ಲೇಟ್ ತಂದಳು. ಹೊಳಪು ಕೊಟ್ಟದ್ದಲ್ಲ, ಹೊಳಪಿನ ಮೇಲೆ ಹಲ್ಲಿಯ ಕಾಲು ಜಾರುತ್ತದೆ. ಅಂಚು ಉಜ್ಜಿ, ನೇರ ಗಾಜಿನ ಮೇಲೆ ಕೂರಿಸಿದರು. ಕಲ್ಲಿನ ಕೆಳಗೆ ಮಣ್ಣು ಹಾಕಿದರೆ ಹಲ್ಲಿ ತೋಡಿ ಅಡಿಗೆ ಸಿಕ್ಕೀತು. ಸಂದಿನಲ್ಲಿ ಹುಳ ಅಡಗದಂತೆ ಬಿಗಿಯಾಗಿ ಜೋಡಿಸಿದರು. ನಡುವೆ ಒದ್ದೆ ಪಾಚಿಯ ಒಂದು ಡಬ್ಬಿ, ಪೊರೆ ಬಿಡುವಾಗ ಒಳಗೆ ಹೋಗಿ ಕೂರಲು. ಬೆರಳಿನ ಪೊರೆ ಕಳಚದೆ ಬಿಗಿದರೆ ಬೆರಳು ಉದುರುತ್ತದೆ.

ಮರುಭೂಮಿ ಬೇಕೆಂದ ಹುಡುಗನಿಗೆ ಹಿಂದಿನ ಗಾಜಿಗೆ ಅಂಟಿಸಲು ಗೋಳಗುಮ್ಮಟದ ಫೋಟೊ ಕಳಿಸಿದೆವು. ಕಾವಿನ ಕಡೆಯ ಕಲ್ಲಿನ ಮೇಲೆ ಹಲ್ಲೆಪ್ಪ ಹೊಟ್ಟೆ ಚೆಲ್ಲಿ ಮಲಗುತ್ತಾನೆ. ಹಿಕ್ಕೆಗೆ ಒಂದೇ ಮೂಲೆ ಹಿಡಿದಿದ್ದಾನೆ, ಅವುಗಳ ಸ್ವಭಾವವೇ ಹಾಗಂತೆ. ಆ ಮೂಲೆಗೆ ಮಾತ್ರ ಅಕ್ಕ ಈಗಲೂ ಅಡುಗೆಮನೆಯ ಕಾಗದ ಹಾಸುತ್ತಾಳೆ. ಹುಡುಗ ದಿನಾ ಬೆಳಗ್ಗೆ ಅದನ್ನು ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಶಾಲೆಗೆ ಹೋಗುತ್ತಾನೆ.