ನ್ಯಾಶ್‌ವಿಲ್‌ನ ಗಿಟಾರ್ ಮಾಷ್ಟ್ರು

ನ್ಯಾಶ್‌ವಿಲ್ ವಿಮಾನ ನಿಲ್ದಾಣದಲ್ಲಿ ಇಳಿದು ಹೊರಗೆ ಬರುವಾಗಲೇ ಗಿಟಾರ್ ಕೇಳಿಸಿತು. ಧ್ವನಿವರ್ಧಕದಲ್ಲಿ ಹಾಕಿದ ಹಾಡಲ್ಲ. ಪುಟ್ಟ ವೇದಿಕೆಯೊಂದರಲ್ಲಿ ಇಬ್ಬರು ಕುಳಿತು ನುಡಿಸುತ್ತಿದ್ದರು. ಪ್ರಯಾಣಿಕರು ಪೆಟ್ಟಿಗೆ ಎಳೆದುಕೊಂಡು ಅವಸರದಲ್ಲಿ ಹೋಗುತ್ತಿದ್ದರು. "ಅಜ್ಜ, ಈ ಊರಲ್ಲಿ ಎಲ್ಲಿ ಹೋದರೂ ಹೀಗೇ" ಎಂದ, ನನ್ನನ್ನು ಕರೆದೊಯ್ಯಲು ಬಂದಿದ್ದ ಮೊಮ್ಮಗ.

ಅಮೆರಿಕದ ಟೆನ್ನೆಸ್ಸೀ ರಾಜ್ಯದ ರಾಜಧಾನಿ ನ್ಯಾಶ್‌ವಿಲ್. ಕಂಬರ್‌ಲ್ಯಾಂಡ್ ನದಿಯ ದಡದಲ್ಲಿರುವ ಈ ಊರಿಗೆ ‘ಮ್ಯೂಸಿಕ್ ಸಿಟಿ’ ಎಂಬ ಅಡ್ಡಹೆಸರಿದೆ. ಮಗಳು, ಅಳಿಯ ಇಬ್ಬರಿಗೂ ಅಲ್ಲೇ ಕೆಲಸ. ಹನ್ನೊಂದು ವರ್ಷದ ಮೊಮ್ಮಗ ಎರಡು ವರ್ಷದಿಂದ ಗಿಟಾರ್ ಕಲಿಯುತ್ತಿದ್ದಾನೆ. ನಾನು ಹೋದ ವಾರವೇ ಅವನು ಊಟದ ಹೊತ್ತಿಗೆ, "ದೊಡ್ಡವನಾದ ಮೇಲೆ ನಾನು ಗಿಟಾರ್ ನುಡಿಸಿಯೇ ಬದುಕುವುದು" ಎಂದುಬಿಟ್ಟ. ಮಗಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅಪ್ಪ, ನೀವಾದರೂ ಹೇಳಿ ಇವನಿಗೆ" ಎಂದಳು.

ಹೇಳುವ ಮೊದಲು ನೋಡೋಣ ಅನ್ನಿಸಿತು. ಅವನ ಗಿಟಾರ್ ಮಾಷ್ಟ್ರ ಬಳಿ, "ನಿಮ್ಮ ಒಂದು ದಿನ ಹೇಗಿರುತ್ತದೆಂದು ನಮಗೆ ತೋರಿಸುತ್ತೀರಾ?" ಎಂದು ಕೇಳಿದೆ. ಐವತ್ತರ ಆಸುಪಾಸಿನ ಮನುಷ್ಯ. ನಕ್ಕು, "ಶುಕ್ರವಾರ ಬನ್ನಿ. ಕಾಲಿಗೆ ಹಿತವಾದ ಚಪ್ಪಲಿ ಹಾಕಿಕೊಳ್ಳಿ" ಎಂದರು. ಮಕ್ಕಳಿಗೆ ಬೇಸಿಗೆ ರಜೆ. ಅಜ್ಜ, ಮೊಮ್ಮಗ ಇಬ್ಬರೂ ಹೊರಟೆವು.

ಆ ಊರಿನ ಸ್ಟುಡಿಯೋಗಳಲ್ಲಿ ಒಂದು ಹಳೆಯ ಲೆಕ್ಕವಿದೆ: ಹತ್ತು, ಎರಡು, ಆರು, ಹತ್ತು. ಬೆಳಿಗ್ಗೆ ಹತ್ತಕ್ಕೆ ಒಂದು ಧ್ವನಿಮುದ್ರಣ, ಮಧ್ಯಾಹ್ನ ಎರಡಕ್ಕೆ ಇನ್ನೊಂದು, ಸಂಜೆ ಆರಕ್ಕೆ, ಮತ್ತೆ ರಾತ್ರಿ ಹತ್ತಕ್ಕೆ. ಒಂದೊಂದೂ ಮೂರು ಗಂಟೆ. ನಡುವಿನ ಒಂದು ಗಂಟೆಯಲ್ಲಿ ಊಟ ಮಾಡಿ ಮುಂದಿನ ಸ್ಟುಡಿಯೋ ತಲುಪಬೇಕು. ಎಳೆಯ ವಯಸ್ಸಿನಲ್ಲಿ ನಾಲ್ಕೂ ಪಾಳಿ ನುಡಿಸಿದ ದಿನಗಳಿದ್ದವು ಎಂದರು ಮಾಷ್ಟ್ರು.

ಸ್ಟುಡಿಯೋಗಳಲ್ಲಿ ಎಷ್ಟೋ ‘ಮ್ಯೂಸಿಕ್ ರೋ’ ಎಂಬ ಬೀದಿಗಳಲ್ಲಿ ಒತ್ತೊತ್ತಾಗಿವೆ. ಹಲವು ಸ್ಟುಡಿಯೋಗಳು ಹೊರಗಿನಿಂದ ನೋಡಿದರೆ ಹಳೆಯ ವಾಸದ ಮನೆಗಳೇ. 1957ರಲ್ಲಿ ಕಟ್ಟಿದ ಆರ್‌ಸಿಎ ಸ್ಟುಡಿಯೋ ಬಿ ಅಲ್ಲೇ ಇದೆ. ಎಲ್ವಿಸ್ ಪ್ರೀಸ್ಲಿ ಇನ್ನೂರಕ್ಕೂ ಹೆಚ್ಚು ಹಾಡು ಹಾಡಿದ್ದು ಅದರೊಳಗೆ. ಆ ಸ್ಟುಡಿಯೋದಲ್ಲಿ ಎಷ್ಟೋ ಹಾಡುಗಳನ್ನು ರೂಪಿಸಿದ ಚೆಟ್ ಆಟ್ಕಿನ್ಸ್ ಹೆಸರಾಂತ ಗಿಟಾರ್ ವಾದಕರು.

ನಾವು ಹೋದದ್ದು ಒಂದು ಚಿಕ್ಕ ಸ್ಟುಡಿಯೋಗೆ. ಗಾಜಿನಾಚೆ ಸದ್ದಿಲ್ಲದೆ ಕುಳಿತೆವು. ಹಾಡು ಬರೆದವರು ಒಂದೇ ಒಂದು ಸಲ ಕೇಳಿಸಿದರು. ವಾದಕರ ಮುಂದೆ ಒಂದೊಂದು ಹಾಳೆ. ಅದರಲ್ಲಿ ಸ್ವರಲಿಪಿ ಇಲ್ಲ, ಬರೀ ಅಂಕಿ! 1 1 4 1, 5 4 1 1 — ನಮ್ಮ ಮಗ್ಗಿ ಪುಸ್ತಕ ಹರಿದು ಕೊಟ್ಟ ಹಾಗಿತ್ತು.

ಮಕ್ಕಳೇ, ಅದರ ಗುಟ್ಟು ಹೇಳುತ್ತೇನೆ. ಗಿಟಾರಿನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಮೀಟುವುದಕ್ಕೆ ಕಾರ್ಡ್ ಎನ್ನುತ್ತಾರೆ. ಹಾಡಿನ ಮೊದಲ ಸ್ವರದ ಮೇಲೆ ನಿಂತ ಕಾರ್ಡ್ 1. ನಾಲ್ಕನೆಯ ಸ್ವರದ್ದು 4, ಐದನೆಯದರದ್ದು 5. ಸಂಗೀತ ಪಾಠಕ್ಕೆ ಹೋಗುವವರಿಗೆ ಇದು ಬಹಳ ಸುಲಭ: 1 ಎಂದರೆ ಸ, 4 ಎಂದರೆ ಮ, 5 ಎಂದರೆ ಪ. ಶ್ರುತಿ ಯಾವುದೇ ಇರಲಿ, ಸ ಸ ಆಗಿಯೇ ಇರುತ್ತದಲ್ಲ? ಅಂಕಿಯೂ ಹಾಗೆಯೇ. ಅಂದು ಹಾಡುಗಾರ್ತಿ, "ಇವತ್ತು ಗಂಟಲು ಸರಿಯಿಲ್ಲ, ಸ್ವಲ್ಪ ಇಳಿಸಿ" ಎಂದರು. ಯಾರೂ ಹಾಳೆ ಬದಲಿಸಲಿಲ್ಲ. ಹೊಸ ಶ್ರುತಿಯಲ್ಲಿ ಅದೇ ಅಂಕಿಗಳನ್ನು ನುಡಿಸಿದರು. ಈ ಪದ್ಧತಿಯನ್ನು 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಎಂಬ ಗಾಯಕರ ತಂಡದ ನೀಲ್ ಮ್ಯಾಥ್ಯೂಸ್ ಶುರು ಮಾಡಿದರು. ಚಾರ್ಲಿ ಮೆಕಾಯ್ ಮುಂತಾದ ವಾದಕರು ಬೆಳೆಸಿದರು. ಒಂದು ಗಂಟೆ ಹೊಡೆಯುವಷ್ಟರಲ್ಲಿ ನಾಲ್ಕು ಹಾಡು ಮುಗಿದಿದ್ದವು.

ಮಾಷ್ಟ್ರ ಊಟ ಕಾರಿನಲ್ಲೇ. ಒಂದು ಕೈಯಲ್ಲಿ ಬ್ರೆಡ್ಡು. ಇನ್ನೊಂದು ಕೈಯ ಬೆರಳುಗಳನ್ನು ಮಡಚುತ್ತ ಬಿಚ್ಚುತ್ತ ಇದ್ದರು.

ಎರಡು ಗಂಟೆಗೆ ಬ್ರಾಡ್‌ವೇ ಎಂಬ ರಸ್ತೆ. ನದಿಯ ಕಡೆಗೆ ಇಳಿಯುವ ಆ ರಸ್ತೆಯ ಎರಡೂ ಬದಿ ‘ಹಾಂಕಿ ಟಾಂಕ್’ ಎಂಬ ಹಾಡುವ ಹೋಟೆಲುಗಳು. ಬೆಳಿಗ್ಗೆ ಶುರುವಾದ ಸಂಗೀತ ನಡುರಾತ್ರಿ ಕಳೆದರೂ ನಿಲ್ಲುವುದಿಲ್ಲ. ಒಂದು ತಂಡ ಇಳಿಯುವಾಗ ಇನ್ನೊಂದು ಹತ್ತುತ್ತದೆ. ಒಂದು ಪಾಳಿಗೆ ಸುಮಾರು ನಾಲ್ಕು ಗಂಟೆ. ಮಾಷ್ಟ್ರು ನುಡಿಸುವ ಕಡೆ ಸಂಜೆ ಆರರವರೆಗೆ ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು.

ಅಲ್ಲಿ ಹಾಳೆಯೂ ಇಲ್ಲ. ಕೇಳುಗರು ಚೀಟಿಯಲ್ಲಿ ಹಾಡಿನ ಹೆಸರು ಬರೆದು ಕಳಿಸುತ್ತಾರೆ. ಗೊತ್ತಿಲ್ಲದ ಹಾಡು ಬಂದರೆ ಗೊತ್ತಿದ್ದವರು ಬೆರಳು ಎತ್ತಿ ತೋರಿಸುತ್ತಾರೆ. ನಾಲ್ಕು ಬೆರಳು ಎಂದರೆ ಈಗ 4ಕ್ಕೆ ಹೋಗು ಎಂದು. ಮೊಮ್ಮಗ ಆ ಬೆರಳುಗಳನ್ನೇ ನೋಡುತ್ತ ಕುಳಿತಿದ್ದ.

ಮಾಷ್ಟ್ರ ಪಕ್ಕದಲ್ಲಿ ಒಬ್ಬರು ಮೇಜಿನಂಥ ವಾದ್ಯದ ಮುಂದೆ ಕುಳಿತಿದ್ದರು. ಅದು ಪೆಡಲ್ ಸ್ಟೀಲ್ ಗಿಟಾರ್. ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತ, ಕಾಲಿನಿಂದಲೂ ಮೊಣಕಾಲಿನಿಂದಲೂ ಸ್ವರ ಬಾಗಿಸುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ನಮ್ಮ ಗೋಟುವಾದ್ಯದ ಜಾರು ನೆನಪಾಗುತ್ತದೆ. ಹೀಗೆ ಮಲಗಿಸಿ ನುಡಿಸುವ ಗಿಟಾರ್ ಹವಾಯಿ ದ್ವೀಪಗಳಿಂದ ಬಂದದ್ದು. ನಮ್ಮ ದೇಶಕ್ಕೂ ಅದು ಅಲ್ಲಿಂದಲೇ ಬಂತು. ಆ ಜಾಡಿನಲ್ಲೇ ಮೋಹನ ವೀಣೆ ರೂಪಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು.

ವೇದಿಕೆಯ ತುದಿಯಲ್ಲಿ ಒಂದು ಬಕೆಟ್ಟು. ಹೋಟೆಲಿನವರು ಕೊಡುವ ಹಣ ಕಡಿಮೆ. ಮನೆಗೆ ದುಡ್ಡು ಬರುವುದು ಹೆಚ್ಚಾಗಿ ಆ ಬಕೆಟ್ಟಿನಿಂದಲೇ. ಆಗಾಗ ಹಾಡುಗಾರ ಅದನ್ನು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಾನೆ. ಕೆಲವರು ನೋಟು ಹಾಕಿದರು. ಕೆಲವರು ಮೊಬೈಲ್ ನೋಡಿದರು. ಮೊಮ್ಮಗ ತನ್ನ ಕಿಸೆಯಲ್ಲಿದ್ದ ಐದು ಡಾಲರ್ ಹಾಕಿ ಬಂದ.

ನಡುವೆ ಒಂದು ಗಂಟೆ ಎದ್ದು ಹತ್ತಿರದ ರೈಮನ್ ಸಭಾಂಗಣ ನೋಡಿ ಬಂದೆವು. 1892ರಲ್ಲಿ ಪ್ರಾರ್ಥನೆಗೆಂದು ಕಟ್ಟಿದ್ದು. ಇಂದಿಗೂ ಕುಳಿತುಕೊಳ್ಳಲು ಇರುವುದು ಚರ್ಚಿನಂಥ ಮರದ ಬೆಂಚುಗಳೇ. 1925ರಲ್ಲಿ ಆರಂಭವಾದ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಕಾರ್ಯಕ್ರಮ 1943ರಿಂದ 1974ರವರೆಗೆ ನಡೆದದ್ದು ಇಲ್ಲಿ. ಹೊಸ ಸಭಾಂಗಣಕ್ಕೆ ಹೋಗುವಾಗ ಈ ವೇದಿಕೆಯ ಮರವನ್ನು ದುಂಡಗೆ ಕತ್ತರಿಸಿ ಒಯ್ದು ಅಲ್ಲಿನ ವೇದಿಕೆಯ ನಡುವೆ ಕೂರಿಸಿದರಂತೆ. ಹಿರಿಯರು ನಿಂತು ಹಾಡಿದ ಹಲಗೆಯ ಮೇಲೆಯೇ ಕಿರಿಯರು ನಿಲ್ಲಲಿ ಎಂದು.

ನಾವು ಹಿಂದಿರುಗಿದಾಗಲೂ ಮಾಷ್ಟ್ರು ನಿಂತೇ ಇದ್ದರು, ನುಡಿಸುತ್ತಲೇ ಇದ್ದರು.

ರಾತ್ರಿ ಹತ್ತಕ್ಕೆ ಅವರಿಗೆ ಮತ್ತೊಂದು ಪಾಳಿ. ನಡುವಿನ ಬಿಡುವಿನಲ್ಲಿ ಮನೆಗೆ ಕರೆದೆವು. ಮಗಳು ನೀರುದೋಸೆ ಮಾಡಿದ್ದಳು. ಅವರು ಆರು ತಿಂದರು. ಆಮೇಲೆ ಮಗಳು ಸುತ್ತು ಬಳಸದೆ ಕೇಳಿದಳು: "ಇದರಲ್ಲಿ ಬದುಕಲು ಆಗುತ್ತದೆಯೇ?"

ಅವರೂ ಸುತ್ತು ಬಳಸಲಿಲ್ಲ. "ಆಗುತ್ತದೆ, ಆದರೆ ಒಂದರಿಂದ ಆಗುವುದಿಲ್ಲ. ಸ್ಟುಡಿಯೋ, ಬ್ರಾಡ್‌ವೇ, ಪಾಠ, ಭಾನುವಾರದ ಚರ್ಚು, ಎಲ್ಲ ಸೇರಬೇಕು. ಎರಡು ವರ್ಷದ ಹಿಂದೆ ಎಡಗೈಯ ಸ್ನಾಯು ಬಾತು ಆರು ವಾರ ಗಿಟಾರ್ ಮುಟ್ಟಲಿಲ್ಲ. ನಮಗೆ ರಜೆಯ ಸಂಬಳ ಎಂಬುದಿಲ್ಲ. ಹೆಂಡತಿಯ ಕೆಲಸದಿಂದ ಮನೆ ನಡೆಯಿತು. ನನ್ನ ಜಾಗದಲ್ಲಿ ನುಡಿಸಿದ ಗೆಳೆಯನೊಬ್ಬ ಪ್ರತಿ ವಾರ ಬಕೆಟ್ಟಿನ ಪಾಲಿನಲ್ಲಿ ಅರ್ಧ ತಂದುಕೊಡುತ್ತಿದ್ದ. ವಾಸಿಯಾಗಿ ಹೋದಾಗ ಒಂದು ಪಾಳಿ ಬೇರೆಯವರ ಪಾಲಾಗಿತ್ತು. ಆ ಗೆಳೆಯ ಮಾತ್ರ ನನ್ನ ಜಾಗ ಬಿಟ್ಟುಕೊಟ್ಟ." ಬಳಿಕ ಮೊಮ್ಮಗನ ಕಡೆ ತಿರುಗಿ, "ಚೆನ್ನಾಗಿ ನುಡಿಸುವವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಬರುವವರನ್ನು, ಬೇರೆಯವರು ನುಡಿಸುವಾಗ ಕೇಳಿಸಿಕೊಳ್ಳುವವರನ್ನು ಎರಡನೇ ಸಲ ಕರೆಯುತ್ತಾರೆ" ಎಂದರು.

ನನಗೆ ಕಾರ್ಕಳದ ನನ್ನ ಸೋದರಮಾವ ಕಣ್ಣ ಮುಂದೆ ಬಂದರು. ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ದೀಪಾವಳಿ ಕಳೆದು ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ರಾತ್ರಿಯಿಡೀ ಆಟ, ಹಗಲು ನಿದ್ದೆ, ಸಂಜೆ ಮತ್ತೊಂದು ಊರು. ಜನ ನೋಡುತ್ತಿದ್ದದ್ದು ವೇಷವನ್ನು. ಮಾವನ ಬೆರಳಿನ ಬಿರುಕಿಗೆ ಎಣ್ಣೆ ಹಚ್ಚುತ್ತಿದ್ದದ್ದು ಅತ್ತೆ. ಇದನ್ನು ಹೇಳಿದಾಗ ಮಾಷ್ಟ್ರು ತಮ್ಮ ಎಡಗೈ ಚಾಚಿ ಬೆರಳ ತುದಿ ಮುಟ್ಟಿ ನೋಡಲು ಹೇಳಿದರು. ಕಾಯಿಚಿಪ್ಪಿನಷ್ಟು ಗಟ್ಟಿ. ಮಾವನ ಬೆರಳೂ ಹಾಗೇ ಇತ್ತು.

ಒಂಬತ್ತೂವರೆಗೆ ಅವರು ಗಿಟಾರ್ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಮಗಳು ನನ್ನ ಮುಖ ನೋಡಿದಳು. "ಗಿಟಾರ್ ಬಿಡಿಸಬೇಡ, ಶಾಲೆಯನ್ನೂ ಬಿಡಿಸಬೇಡ. ಬೆರಳು ಗಟ್ಟಿಯಾಗಲು ವರ್ಷಗಳು ಬೇಕು. ಅಷ್ಟರಲ್ಲಿ ಅವನಿಗೇ ತಿಳಿಯುತ್ತದೆ" ಎಂದೆ. ಅವಳು ಒಪ್ಪಿದಳು, ಒಂದು ಷರತ್ತಿನ ಮೇಲೆ: ದಿನಕ್ಕೆ ಒಂದು ಗಂಟೆ ಅಭ್ಯಾಸ, ಯಾರೂ ಹೇಳದೆ.

ನಾನು ಊರಿಗೆ ಮರಳಿ ಮೂರು ತಿಂಗಳಾಯಿತು. ಭಾನುವಾರ ಫೋನಿನಲ್ಲಿ ಮೊಮ್ಮಗ ಬೆರಳು ಎತ್ತಿ ತೋರಿಸುತ್ತಾನೆ: ಒಂದು, ನಾಲ್ಕು, ಐದು. ಇಲ್ಲಿಂದ ನಾನು ಹಾಡುತ್ತೇನೆ: ಸ, ಮ, ಪ. ಕಳೆದ ವಾರ ಅವನು ಬೆರಳ ತುದಿಯನ್ನು ಕ್ಯಾಮೆರಾಕ್ಕೆ ಹಿಡಿದು, "ಅಜ್ಜ, ಸ್ವಲ್ಪ ಗಟ್ಟಿಯಾಗಿದೆ ನೋಡಿ" ಎಂದ.